ಮೂವತ್ತು ದಿನದ ರಜೆಯಲ್ಲಿ ಸುರಕ್ಷಾ ಕ್ಲಿನಿಕ್: ಯಾವ ದಿನ ಹೋಗಬೇಕು, ಯಾವ ಬಾಗಿಲು ತಟ್ಟಬೇಕು

ಜಿಲ್ಲಾ ಆಸ್ಪತ್ರೆ ಎಂದಮೇಲೆ ಕೋಲಾರವಾಗಲಿ, ಚಿಕ್ಕಬಳ್ಳಾಪುರವಾಗಲಿ, ತುಮಕೂರಾಗಲಿ, ಅಲ್ಲಿ ಎರಡು ಬಾಗಿಲು ಹುಡುಕಬೇಕು. ಒಂದು ಐಸಿಟಿಸಿ, ಅಂದರೆ ಆಪ್ತ ಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರ. ಇಲ್ಲಿ ಎಚ್‌ಐವಿಗೆ ರಕ್ತ ನೋಡುತ್ತಾರೆ. ಇನ್ನೊಂದು ಸುರಕ್ಷಾ ಕ್ಲಿನಿಕ್. ಇಲ್ಲಿ ಲೈಂಗಿಕ ಸಂಪರ್ಕದಿಂದ ಬರುವ ಹುಣ್ಣು, ಕೀವು, ತೊಡೆಸಂದಿನ ಗಡ್ಡೆಗೆ ಔಷಧಿ ಕೊಡುತ್ತಾರೆ. ಎಷ್ಟೋ ಕಡೆ ಇದು ಚರ್ಮರೋಗ ವಿಭಾಗದ ಒಳಗೇ ಸೇರಿಕೊಂಡಿರುತ್ತದೆ, ಬೇರೆ ಬೋರ್ಡ್ ಇರುವುದಿಲ್ಲ. ಎರಡರಲ್ಲೂ ಪರೀಕ್ಷೆ, ಔಷಧಿ, ಸಲಹೆ ಎಲ್ಲವೂ ಉಚಿತ.

ಈ ವಿಮರ್ಶೆ ಒಬ್ಬ ಗಿರಾಕಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು: ರಜೆ ಮೇಲೆ ಊರಿಗೆ ಬಂದಿರುವ ಇಪ್ಪತ್ತರ ಆಸುಪಾಸಿನ ಮಿಲಿಟ್ರಿ ಹುಡುಗ. ಅಗ್ನಿವೀರನಿಗೆ ವರ್ಷಕ್ಕೆ 30 ದಿನ ರಜೆ. ಹಳೆಯ ಪದ್ಧತಿಯಲ್ಲಿ ಸೇರಿದ ಜವಾನನಿಗೆ 60 ದಿನ ವಾರ್ಷಿಕ, 30 ದಿನ ಕ್ಯಾಶುಯಲ್. ಬಂಗಾರಪೇಟೆಯಲ್ಲಿ ರೈಲು ಇಳಿದ ದಿನದಿಂದ ಆ ದಿನಗಳ ಮೇಲೆ ಎಲ್ಲರಿಗೂ ಹಕ್ಕು: ಬೋರ್‌ವೆಲ್ ಮೋಟರು, ತಂಗಿಯ ಕಾಲೇಜು ಫೀಸು, ಊರಹಬ್ಬ, ಹೆಣ್ಣು ನೋಡುವ ಶಾಸ್ತ್ರ. ಆಸ್ಪತ್ರೆಗೆ ಸಿಗುವುದು ಒಂದು ಬೆಳಗ್ಗೆ, ಹೆಚ್ಚೆಂದರೆ ಎರಡು. ಸೇವೆ ಚೆನ್ನಾಗಿದೆಯೋ ಇಲ್ಲವೋ ಎನ್ನುವುದಕ್ಕಿಂತ, ಆ ಒಂದು ಬೆಳಗ್ಗೆ ಯಾವ ತಾರೀಖಿಗೆ ಬೀಳಬೇಕು ಎನ್ನುವುದೇ ಇಲ್ಲಿ ಮುಖ್ಯ. ಬಹಳ ಜನ ಎಡವುವುದೂ ಅಲ್ಲೇ.

ಮೊದಲು ಎಚ್‌ಐವಿ ಲೆಕ್ಕ. ಐಸಿಟಿಸಿಯ ರ‍್ಯಾಪಿಡ್ ಕಿಟ್ ವೈರಸ್ಸನ್ನು ನೋಡುವುದಿಲ್ಲ, ವೈರಸ್ ಬಂತೆಂದು ದೇಹ ತಯಾರಿಸಿದ ಪ್ರತಿಕಾಯಗಳನ್ನು ನೋಡುತ್ತದೆ. ಅವು ಕಾಣುವ ಮಟ್ಟಕ್ಕೆ ಬರಲು 3 ವಾರದಿಂದ 3 ತಿಂಗಳು ಬೇಕು. ಕಾಂಡೋಮ್ ಇಲ್ಲದ ಸಂಗ ನಡೆದದ್ದು ಪೋಸ್ಟಿಂಗ್ ಜಾಗದಲ್ಲಿ, ಮೂರು ತಿಂಗಳಿಗೂ ಹಿಂದೆ, ಆಮೇಲೆ ಏನೂ ಆಗಿಲ್ಲ ಎಂದಾದರೆ ರಜೆಯ ಎರಡನೇ ದಿನವೇ ಹೋಗಿ. ಒಂದೇ ಪರೀಕ್ಷೆಯಲ್ಲಿ ವಿಷಯ ಇತ್ಯರ್ಥ. ಆದರೆ ನಡೆದದ್ದು ಊರಿಗೆ ಬರುವ ದಾರಿಯಲ್ಲೋ ರಜೆಯ ಮೊದಲ ವಾರದಲ್ಲೋ ಆಗಿದ್ದರೆ, 30 ದಿನದ ರಜೆಯೊಳಗೆ ಕೊನೆಯ ಉತ್ತರ ಸಿಗುವುದೇ ಇಲ್ಲ. ಹತ್ತನೇ ದಿನ ‘ನೆಗೆಟಿವ್’ ಬಂದ ಚೀಟಿ ಹಿಂದಿನ ಬದುಕಿನ ಬಗ್ಗೆ ಹೇಳುತ್ತದೆ, ಹೋದ ವಾರದ ಬಗ್ಗೆ ಏನೂ ಹೇಳುವುದಿಲ್ಲ. ಅದನ್ನು ಜೇಬಿನಲ್ಲಿಟ್ಟುಕೊಂಡು ನಿಶ್ಚಿತಾರ್ಥಕ್ಕೆ ಹೋಗುವುದು ತಪ್ಪು ಲೆಕ್ಕ. ಈಗ ಒಂದು, ಆರು ವಾರಕ್ಕೆ ಒಂದು, ಮೂರು ತಿಂಗಳಿಗೆ ಒಂದು ಮಾಡಿಸಬೇಕು. ಮುಂದಿನ ಎರಡನ್ನು ಸೇನಾ ಘಟಕದ ಹತ್ತಿರದ ಊರಿನ ಐಸಿಟಿಸಿಯಲ್ಲಿ ಮಾಡಿಸಬಹುದು. ಪಠಾಣ್‌ಕೋಟ್ ಇರಲಿ ತೇಜ್‌ಪುರ ಇರಲಿ, ವ್ಯವಸ್ಥೆ ಇದೇ, ಹಣ ಕೊಡಬೇಕಿಲ್ಲ.

ಕಾಯಬಾರದ ಕೆಲಸ ಒಂದಿದೆ. ಅಪಾಯದ ಸಂಗ ನಡೆದು 72 ಗಂಟೆ ಆಗಿಲ್ಲದಿದ್ದರೆ ‘ಪೆಪ್’ ಎಂಬ ತಡೆ ಔಷಧಿ ಇದೆ. ಎಷ್ಟು ಬೇಗ ಶುರುವಾದರೆ ಅಷ್ಟು ಒಳ್ಳೆಯದು, ಮೊದಲ 2 ಗಂಟೆಯೊಳಗಾದರೆ ಇನ್ನೂ ಒಳ್ಳೆಯದು. ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಮೂರೂ ಸೇರಿದ ಒಂದು ಮಾತ್ರೆ, ದಿನಕ್ಕೊಂದು, 28 ದಿನ. ಭಾನುವಾರ ಐಸಿಟಿಸಿ ಮುಚ್ಚಿದ್ದರೂ ತುರ್ತು ಚಿಕಿತ್ಸಾ ವಿಭಾಗ ತೆರೆದಿರುತ್ತದೆ, ಕೇಳಬೇಕಾದದ್ದು ಅಲ್ಲಿ. ಸರ್ಕಾರಿ ವ್ಯವಸ್ಥೆಯಲ್ಲಿ ಈ ಮಾತ್ರೆ ಮುಖ್ಯವಾಗಿ ಸೂಜಿ ಚುಚ್ಚಿಸಿಕೊಂಡ ಆಸ್ಪತ್ರೆ ಸಿಬ್ಬಂದಿಗೆ, ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರಿಗೆ. ಬೇರೆಯವರಿಗೆ ಅಪಾಯ ತೂಗಿ ಬರೆಯುವುದು ವೈದ್ಯರ ತೀರ್ಮಾನ, ಹೊರಗೆ ಕೊಳ್ಳಬೇಕಾಗಿ ಬರಬಹುದು. ದೌರ್ಜನ್ಯಕ್ಕೆ ಒಳಗಾದವರು ಎಂದರೆ ಹೆಂಗಸರು ಮಾತ್ರ ಎಂದುಕೊಳ್ಳಬೇಡಿ. ಹಾಸ್ಟೆಲ್, ತರಬೇತಿ ಶಿಬಿರ, ಬ್ಯಾರಕ್ಕಿನಲ್ಲಿ ಗಂಡು ಹುಡುಗರ ಮೇಲೂ ಇದು ನಡೆಯುತ್ತದೆ. ‘ಗಂಡಸಾಗಿ ಹೇಗೆ ಹೇಳಲಿ’ ಎಂದು ಕೂತರೆ ಆ 72 ಗಂಟೆ ಕಳೆದೇ ಹೋಗುತ್ತದೆ.

ಇನ್ನು ಒಳಗೆ ಏನಾಗುತ್ತದೆ ಎನ್ನುವುದು. ಬೆಳಗ್ಗೆ ಒಂಬತ್ತೂವರೆಗೆ ಹೊರರೋಗಿ ಚೀಟಿಯ ಸಾಲಿನಲ್ಲಿ ನಿಂತರೆ ಮಧ್ಯಾಹ್ನಕ್ಕೆ ಮುಗಿಯುತ್ತದೆ. ಎದುರಾಳಿಯ ಗುಂಡಿಗೆ ಎದೆಯೊಡ್ಡಲು ತಯಾರಾದವನೂ ಈ ಕಿಟಕಿಯ ಮುಂದೆ ತಡವರಿಸುತ್ತಾನೆ. ‘ಚರ್ಮ’ ಎಂದಷ್ಟೇ ಹೇಳಿ ಸಾಕು. ಅದು ಸುಳ್ಳೂ ಅಲ್ಲ, ಚೀಟಿ ಸರಿಯಾದ ಬಾಗಿಲಿಗೇ ಹೋಗುತ್ತದೆ. ಐಸಿಟಿಸಿಗೆ ನೇರವಾಗಿಯೂ ಹೋಗಬಹುದು, ವೈದ್ಯರ ಪತ್ರ ಬೇಕಿಲ್ಲ. ಆಪ್ತ ಸಮಾಲೋಚಕರು ಬಾಗಿಲು ಮುಂದೆ ಮಾಡಿ ಮಾತಾಡುತ್ತಾರೆ: ಯಾವಾಗ, ಯಾರ ಜೊತೆ, ಕಾಂಡೋಮ್ ಇತ್ತೇ, ಹೆಣ್ಣೋ ಗಂಡೋ, ಹಚ್ಚೆ ಅಥವಾ ಸೂಜಿ ಉಂಟೇ. ಇದು ತನಿಖೆಯಲ್ಲ. ಯಾವ ದಿನ ಮತ್ತೆ ಬರಬೇಕು, ಪರೀಕ್ಷೆಗೆ ಎಲ್ಲೆಲ್ಲಿಂದ ಮಾದರಿ ತೆಗೆಯಬೇಕು ಎಂದು ನಿರ್ಧರಿಸುವುದೇ ಈ ಉತ್ತರಗಳಿಂದ. ಗಂಟಲು, ಗುದದ್ವಾರದ ಸೋಂಕು ಮೂತ್ರದ ಪರೀಕ್ಷೆಯಲ್ಲಿ ಸಿಗುವುದಿಲ್ಲ. ಗಂಡಸಿನ ಜೊತೆ ಸೇರಿದ್ದನ್ನು ಮುಚ್ಚಿಟ್ಟರೆ ಆ ಸೋಂಕು ಒಳಗೇ ಉಳಿಯುತ್ತದೆ.

ಒಪ್ಪಿಗೆಯ ಕಾಗದಕ್ಕೆ ಸಹಿ ಆದ ಮೇಲೆ ತೋಳಿನಿಂದ ಒಂದಿಷ್ಟು ರಕ್ತ ತೆಗೆಯುತ್ತಾರೆ. ಮೊದಲ ಕಿಟ್‌ನಲ್ಲಿ ಗೆರೆ ಬಂದರೆ ಬೇರೆ ಬೇರೆ ತಯಾರಿಕೆಯ ಇನ್ನೆರಡು ಕಿಟ್‌ಗಳಲ್ಲಿ ನೋಡುತ್ತಾರೆ, ಮೂರರಲ್ಲೂ ಬಂದರೆ ಮಾತ್ರ ಪಾಸಿಟಿವ್. ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸಿಗುವುದು ಮೊದಲನೆಯದು ಮಾತ್ರ. ಅಲ್ಲಿ ಗೆರೆ ಕಂಡು ಎದೆ ಒಡೆದುಕೊಂಡು ಓಡಿ ಬಂದವರಲ್ಲಿ ಕೆಲವರಿಗೆ ಮುಂದಿನ ಎರಡು ಖಾಲಿ ಬರುವುದುಂಟು. 18 ತುಂಬದವರಿಗೆ ಪೋಷಕರ ಒಪ್ಪಿಗೆ ಬೇಕು. ಹದಿನೇಳೂವರೆಗೆ ಭರ್ತಿಯಾಗಬಹುದು, ಒಬ್ಬನೇ ಹೋಗಿ ಈ ಪರೀಕ್ಷೆ ಮಾಡಿಸುವಂತಿಲ್ಲ, ವಿಚಿತ್ರ ಆದರೂ ನಿಯಮ ಹಾಗಿದೆ.

ಘಟಕಕ್ಕೆ ಸುದ್ದಿ ಹೋಗುತ್ತದೆಯೇ? ಎಲ್ಲರೂ ಕೇಳುವ ಪ್ರಶ್ನೆ ಇದು. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯಿದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಒಪ್ಪಿಗೆ ಇಲ್ಲದೆ ಪರೀಕ್ಷೆ ಮಾಡುವಂತಿಲ್ಲ, ಫಲಿತಾಂಶವನ್ನು ಹೊರಗೆ ಹೇಳುವಂತಿಲ್ಲ. ಸಿವಿಲ್ ಆಸ್ಪತ್ರೆಯ ಐಸಿಟಿಸಿ ರೆಜಿಮೆಂಟಿಗೆ ಪತ್ರ ಬರೆಯುವುದಿಲ್ಲ. ಸೇವೆಯಲ್ಲಿರುವಾಗ ಎಚ್‌ಐವಿ ಗೊತ್ತಾದವನನ್ನು ಸೇನೆ ಸಾಮಾನ್ಯವಾಗಿ ಅದೊಂದೇ ಕಾರಣಕ್ಕೆ ಮನೆಗೆ ಕಳಿಸುವುದಿಲ್ಲ. ವೈದ್ಯಕೀಯ ಶ್ರೇಣಿ ಇಳಿಸಿ, ಸೇನಾ ಆಸ್ಪತ್ರೆಯಲ್ಲೇ ವೈರಸ್ಸನ್ನು ಹತೋಟಿಯಲ್ಲಿಡುವ ನಿತ್ಯದ ಮಾತ್ರೆ, ಅಂದರೆ ಎಆರ್‌ಟಿ ಕೊಡುತ್ತದೆ. ಆದ್ದರಿಂದ ಊರಿನಲ್ಲಿ ಗುಟ್ಟಾಗಿ ಮಾತ್ರೆ ನುಂಗಿ, ಘಟಕದಲ್ಲಿ ಬಿಟ್ಟು, ಮತ್ತೆ ರಜೆಗೆ ಬಂದಾಗ ನುಂಗುವ ಜಾಣತನ ಬೇಡ. ನಡುವೆ ಬಿಟ್ಟ ಎಆರ್‌ಟಿಗೆ ವೈರಸ್ ಒಗ್ಗಿಕೊಳ್ಳುತ್ತದೆ.

ನಿಜವಾದ ಭಯ ರೆಜಿಮೆಂಟಿನದ್ದಲ್ಲ, ಊರಿನವರದ್ದು. ಚೀಟಿ ಸಾಲಿನಲ್ಲಿ ಪಕ್ಕದ ಮನೆಯ ಅಜ್ಜಿ ನಿಂತಿರುತ್ತಾರೆ, ‘ಏನಪ್ಪಾ, ಮಿಲಿಟ್ರಿಯಿಂದ ಯಾವಾಗ ಬಂದೆ, ಏನು ತೊಂದರೆ?’ ಎನ್ನುತ್ತಾರೆ. ವ್ಯವಸ್ಥೆಯ ದೊಡ್ಡ ದೋಷ ಅಂದರೆ ನಮ್ಮ ಲೆಕ್ಕದಲ್ಲಿ ಇದೇ: ದೊಡ್ಡ ಅಕ್ಷರದ ಬೋರ್ಡ್, ಅದರ ಕೆಳಗೇ ಕಾಯುವ ಬೆಂಚು. ಇದಕ್ಕೆ ಸುಲಭ ದಾರಿ ಎಂದರೆ ಜಿಲ್ಲೆ ದಾಟುವುದು. ನಿವಾಸದ ದಾಖಲೆ ಯಾರೂ ಕೇಳುವುದಿಲ್ಲ. ಶ್ರೀನಿವಾಸಪುರದವನು ಚಿಂತಾಮಣಿಗೆ, ಗೌರಿಬಿದನೂರಿನವನು ಮಧುಗಿರಿಗೆ, ಮಾಲೂರಿನವನು ಬೆಂಗಳೂರಿಗೆ ಹೋಗಬಹುದು. ತಾಲ್ಲೂಕು ಆಸ್ಪತ್ರೆಗಳಲ್ಲೂ ಐಸಿಟಿಸಿ ಇರುತ್ತದೆ. ಎರಡನೆಯ ದೋಷ ಸಮಯದ್ದು. ಮಧ್ಯಾಹ್ನದ ಮೇಲೆ ರಕ್ತ ಕೊಟ್ಟರೆ ಫಲಿತಾಂಶ ನಾಳೆಗೆ ಬೀಳುವುದುಂಟು. ಎರಡನೇ ಶನಿವಾರ, ಹಬ್ಬದ ಮಾರನೇ ದಿನ ಹೋಗಿ ಬಾಗಿಲ ಬೀಗ ನೋಡಿ ಬರಬೇಡಿ.

ಸುರಕ್ಷಾ ಕ್ಲಿನಿಕ್‌ನ ಒಳ್ಳೆಯ ಗುಣ ಅದರ ಬಣ್ಣದ ಪೊಟ್ಟಣಗಳು. ಪ್ರಯೋಗಾಲಯದ ವರದಿಗೆ ಕಾಯದೆ, ಲಕ್ಷಣ ನೋಡಿ ಅದೇ ದಿನ ಔಷಧಿ ಕೈಗೆ ಕೊಡುವ ಪದ್ಧತಿ. ರಜೆಯವನಿಗೆ ಹೇಳಿ ಮಾಡಿಸಿದಂತಿದೆ. ಮೂತ್ರನಾಳದಿಂದ ಕೀವು ಬರುವವನಿಗೆ ಬೂದು ಪೊಟ್ಟಣ, ನೀರುಗುಳ್ಳೆಯಿಲ್ಲದ ಹುಣ್ಣಿಗೆ ಬಿಳಿ, ಅದೇ ಹುಣ್ಣಿಗೆ ಪೆನಿಸಿಲಿನ್ ಆಗದವರಿಗೆ ನೀಲಿ, ನೀರುಗುಳ್ಳೆಯ ಹರ್ಪಿಸ್‌ಗೆ ಕೆಂಪು, ತೊಡೆಸಂದಿನಲ್ಲಿ ಕೀವುಗಟ್ಟುವ ಗಡ್ಡೆಗೆ ಕಪ್ಪು. ಹಸಿರು, ಹಳದಿ ಹೆಂಗಸರ ತೊಂದರೆಗೆ. ಬೂದು ಪೊಟ್ಟಣದ ಜೋಡಿ ಬಹುಕಾಲದಿಂದ ಅಜಿತ್ರೊಮೈಸಿನ್ 1 ಗ್ರಾಂ ಮತ್ತು ಸೆಫಿಕ್ಸಿಮ್ 400 ಮಿಲಿಗ್ರಾಂ, ಎರಡನ್ನೂ ಆರೋಗ್ಯ ಸಿಬ್ಬಂದಿಯ ಮುಂದೆ ಒಂದೇ ಸಲ ನುಂಗುವುದು. ಮಾರ್ಗಸೂಚಿ ಬದಲಾದಂತೆ ಪ್ರಮಾಣವೂ ಬದಲಾಗುತ್ತದೆ, ಆದ್ದರಿಂದ ಇದನ್ನು ಓದಿ ಮೆಡಿಕಲ್ ಶಾಪಿನಲ್ಲಿ ಕೊಳ್ಳಲು ಹೋಗಬೇಡಿ. ಅಲ್ಲಿ ನಡೆಯುವ ಎಡವಟ್ಟು ಸಾಮಾನ್ಯವಾಗಿ ಒಂದೇ ಥರ. ಸಿಪ್ರೊಫ್ಲಾಕ್ಸಸಿನ್ ಐದು ದಿನಕ್ಕೆ ಕೊಡುತ್ತಾರೆ. ಕೀವು ಬರಿಸುವ ಗೊನೋರಿಯಾ ರೋಗಕ್ಕೆ ನಮ್ಮ ದೇಶದಲ್ಲಿ ಅದು ಯಾವತ್ತೋ ಕೆಲಸ ಮಾಡುವುದನ್ನು ಬಿಟ್ಟಿದೆ. ಕೀವು ಒಂದಿಷ್ಟು ಕಡಿಮೆಯಾಗುತ್ತದೆ, ರೋಗ ಒಳಗೆ ಉಳಿಯುತ್ತದೆ.

ಪರೀಕ್ಷೆಗೆ ಹೋಗುವ ಮುಂಚೆ ಎರಡು ಗಂಟೆ ಮೂತ್ರ ಮಾಡಬೇಡಿ, ಮಾಡಿದರೆ ಸ್ಲೈಡಿಗೆ ಬರಬೇಕಾದದ್ದು ತೊಳೆದು ಹೋಗಿರುತ್ತದೆ. ಗುಪ್ತಾಂಗಕ್ಕೆ ಡೆಟಾಲ್ ಹಚ್ಚಿಕೊಂಡು ಹೋಗಬೇಡಿ. ಗೊನೋರಿಯಾ 2ರಿಂದ 7 ದಿನದಲ್ಲಿ ಉರಿ, ದಪ್ಪ ಹಳದಿ ಕೀವಿನೊಂದಿಗೆ ಹೊರಬೀಳುತ್ತದೆ. ಅಂಥದೇ ಇನ್ನೊಂದು ಸೋಂಕು ಕ್ಲಾಮಿಡಿಯಾ 1ರಿಂದ 3 ವಾರ ತೆಗೆದುಕೊಳ್ಳುತ್ತದೆ, ಎಷ್ಟೋ ಗಂಡಸರಲ್ಲಿ ಏನೂ ತೋರುವುದಿಲ್ಲ. ಔಷಧಿ ನುಂಗಿದ ಮೇಲೆ ಏಳು ದಿನ ಸಂಗ ಬೇಡ. ಜೊತೆಗಾರ್ತಿಗೂ ಔಷಧಿ ಕೊಡುತ್ತಾರೆ, ಕೇಳಿ ತೆಗೆದುಕೊಳ್ಳಬೇಕು. ಹೆಂಡತಿಗೆ ಕೊಡದೆ ತಾನೊಬ್ಬನೇ ನುಂಗಿ ಹೋದವನಿಗೆ ಮುಂದಿನ ರಜೆಯಲ್ಲಿ ಅದೇ ರೋಗ ಮನೆಯಿಂದಲೇ ವಾಪಸ್ ಬರುತ್ತದೆ, ಆಗ ಅನುಮಾನ ಬೀಳುವುದು ಅವಳ ಮೇಲೆ.

ಸಿಫಿಲಿಸ್ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ಅತಿ ಹೆಚ್ಚು ಜನ ಮೋಸ ಹೋಗುವುದು ಇದರಲ್ಲಿ. ಸಂಗವಾಗಿ ಸರಾಸರಿ 21 ದಿನಕ್ಕೆ, 9ರಿಂದ 90 ದಿನದೊಳಗೆ ಎಂದಾದರೂ, ಒಂದು ಹುಣ್ಣು ಏಳುತ್ತದೆ. ನೋವಿಲ್ಲ. ಬೆರಳಿನಿಂದ ಒತ್ತಿದರೆ ಅಂಚು ಅಂಗಿಯ ಗುಂಡಿಯಂತೆ ಗಟ್ಟಿ. ನೋಯದ ಕಾರಣ ಗಮನವೂ ಹೋಗುವುದಿಲ್ಲ. ಮೆಡಿಕಲ್ ಶಾಪಿನ ಮುಲಾಮು ಹಚ್ಚುತ್ತಾರೆ, 3ರಿಂದ 6 ವಾರದಲ್ಲಿ ಹುಣ್ಣು ಮಾಯುತ್ತದೆ. ಮುಲಾಮು ಹಚ್ಚದಿದ್ದರೂ ಮಾಯುತ್ತಿತ್ತು, ಆದರೆ ಹೆಸರು ಮುಲಾಮಿಗೆ. ಕೆಲವು ವಾರದ ಮೇಲೆ ಅಂಗೈ, ಅಂಗಾಲಿನಲ್ಲಿ ತುರಿಕೆಯಿಲ್ಲದ ಕಂದು ಕಲೆ ಬಂದಾಗ ಬೂಟಿನ ಅಲರ್ಜಿ ಎಂದುಕೊಳ್ಳುತ್ತಾರೆ. ಅದೂ ಹೋಗುತ್ತದೆ. ಹೋದದ್ದು ಚರ್ಮದಿಂದ ಮಾತ್ರ, ವರ್ಷಗಳ ನಂತರ ಅದು ಹೃದಯದ ಮಹಾಧಮನಿಯಲ್ಲೋ ಮಿದುಳಿನಲ್ಲೋ ತಲೆಯೆತ್ತುತ್ತದೆ. ಬಸುರಿ ಹೆಂಡತಿಯ ಮೂಲಕ ಮಗುವಿಗೂ ಹೋಗುತ್ತದೆ.

ಚಿಕಿತ್ಸೆ ಅಗ್ಗದ್ದು, ಹಳೆಯದು: ಬೆಂಜಥೀನ್ ಪೆನಿಸಿಲಿನ್ 24 ಲಕ್ಷ ಯೂನಿಟ್, ಎರಡು ಪಾಲು ಮಾಡಿ ಎರಡೂ ಕುಂಡಿಗೆ. ಬಿಳಿ ಪುಡಿಯನ್ನು ನೀರಿನಲ್ಲಿ ಕಲಸಿದರೆ ಸುಣ್ಣದ ತಿಳಿಯಂತೆ ಮಂದ. ಕಲಸಿ ಹೆಚ್ಚು ಹೊತ್ತು ಇಟ್ಟರೆ ಸೂಜಿ ಕಟ್ಟುತ್ತದೆ, ಸಣ್ಣ ಸೂಜಿಯಲ್ಲಿ ಇಳಿಯುವುದೇ ಇಲ್ಲ. ನೋವು ನಿಜ, ಆ ದಿನ ಬೈಕ್ ಓಡಿಸಿಕೊಂಡು ಹಳ್ಳಿಗೆ ಹೋಗುವ ಯೋಜನೆ ಬೇಡ. ಮೊದಲು ಅಲರ್ಜಿ ಪರೀಕ್ಷೆ, ಚುಚ್ಚಿದ ಮೇಲೆ ಅರ್ಧ ಗಂಟೆ ಅಲ್ಲೇ ಕೂರಬೇಕು. ಅಂದು ರಾತ್ರಿ ಜ್ವರ, ಮೈಕೈ ನೋವು ಬಂದರೆ ಔಷಧಿ ಒಗ್ಗಲಿಲ್ಲ ಎಂದು ಗಾಬರಿ ಬೇಡ. ರೋಗಾಣು ಒಟ್ಟಿಗೆ ಸಾಯುವಾಗ ಹಾಗಾಗುತ್ತದೆ, ಪ್ಯಾರಸಿಟಮಾಲ್ ಸಾಕು, ಒಂದು ದಿನದಲ್ಲಿ ಇಳಿಯುತ್ತದೆ. ಆರು ತಿಂಗಳಿಗೆ, ವರ್ಷಕ್ಕೆ ಆರ್‌ಪಿಆರ್ ಎಂಬ ಸಿಫಿಲಿಸ್ ರಕ್ತಪರೀಕ್ಷೆಯ ಅಂಕಿ ಇಳಿದಿದೆಯೇ ನೋಡಬೇಕು, ಮೊದಲ ದಿನದ ಆರ್‌ಪಿಆರ್ ಚೀಟಿಯ ಫೋಟೋ ಮೊಬೈಲಿನಲ್ಲಿರಲಿ. ಅಂಕಿ ಇಲ್ಲದೆ ಹೋಲಿಸಲಾಗದು.

ರೋಗವನ್ನು ಹೆಂಗಸಿನ ತಲೆಗೆ ಕಟ್ಟುವುದು ದಂಡಿನಷ್ಟೇ ಹಳೆಯದು. ಬ್ರಿಟಿಷರು 1864ರ ಕಂಟೋನ್ಮೆಂಟ್ ಕಾಯಿದೆ, 1868ರ ಸಾಂಕ್ರಾಮಿಕ ರೋಗಗಳ ಕಾಯಿದೆ ತಂದು ದಂಡಿನ ಬಳಿಯ ವೇಶ್ಯೆಯರನ್ನು ಪಟ್ಟಿ ಮಾಡಿದರು, ಬಲವಂತದಿಂದ ಪರೀಕ್ಷಿಸಿದರು, ರೋಗ ಕಂಡವರನ್ನು ‘ಲಾಕ್ ಆಸ್ಪತ್ರೆ’ಯಲ್ಲಿ ಕೂಡಿ ಹಾಕಿದರು. ಸಿಪಾಯಿಯನ್ನು ಹಾಗೆ ಪಟ್ಟಿ ಮಾಡಲಿಲ್ಲ. ರೋಗ ಇಳಿಯಲಿಲ್ಲ, 1888ರಲ್ಲಿ ಕಾಯಿದೆ ವಾಪಸ್ ಪಡೆದರು. ಇವತ್ತಿನ ಬ್ಯಾರಕ್ಕಿನಲ್ಲೂ ಮಾತಿನ ಧಾಟಿ ದೂರ ಹೋಗಿಲ್ಲ. ‘ಹೋಗಿ ಬಂದೆಯಾ?’ ಎನ್ನುವುದು ಗಂಡಸ್ತನದ ಪರೀಕ್ಷೆ, ‘ಹಾಕಿಕೊಂಡಿದ್ದೆಯಾ?’ ಎಂದು ಕೇಳುವವರು ಕಡಿಮೆ. ಎರಡು ಪೆಗ್ ರಮ್ಮಿನ ನಂತರ ಆ ಪ್ರಶ್ನೆ ಹೋದವನ ತಲೆಗೂ ಬರುವುದಿಲ್ಲ.

ಅದೇ ಕೌಂಟರಿನಲ್ಲಿ ಉಚಿತವಾಗಿ ಸಿಗುವ ನಿರೋಧ್ ಬಗ್ಗೆಯೂ ಹೇಳಬೇಕು. 1968ರಿಂದ ಸರ್ಕಾರ ಹಂಚುತ್ತಿರುವ ಮಾಲು, ‘ಬಿಟ್ಟಿಯದು ಹರಿಯುತ್ತದೆ’ ಎಂಬ ಮಾತಿಗೆ ಆಧಾರವಿಲ್ಲ. ಕಾಂಡೋಮ್ ನಮ್ಮಲ್ಲಿ ಔಷಧಿ ಕಾಯಿದೆಯಡಿ ಬರುವ ವಸ್ತು, ತೂತು ಉಂಟೇ ಎಂದು 300 ಮಿಲಿಲೀಟರ್ ನೀರು ತುಂಬಿ ನೋಡುತ್ತಾರೆ. ಅಂತರರಾಷ್ಟ್ರೀಯ ಮಾನದಂಡದಲ್ಲಿ ಸಾಮಾನ್ಯ ಅಗಲದ ಕಾಂಡೋಮ್ ಕನಿಷ್ಠ 18 ಲೀಟರ್ ಗಾಳಿ ತಡೆಯಬೇಕು. ದುಡ್ಡಿನದಕ್ಕೆ ಸುವಾಸನೆ, ಚುಕ್ಕೆ, ಜಾರು ದ್ರವ ಹೆಚ್ಚು, ಅಷ್ಟೇ ವ್ಯತ್ಯಾಸ. ಜಿಎಸ್‌ಟಿ ಯಾವುದಕ್ಕೂ ಇಲ್ಲ.

ಹರಿಯುವುದಕ್ಕೆ ಕಾರಣ ಬೇರೆ. ಪರ್ಸಿನಲ್ಲಿ ತಿಂಗಳುಗಟ್ಟಲೆ ಇಟ್ಟು ಕೂತಿರುತ್ತಾರೆ. ರಾಜಸ್ಥಾನದ ಬಿಸಿಲಿನಲ್ಲಿ ಕಪ್ಪು ತಗಡಿನ ಟ್ರಂಕಿನೊಳಗೆ ಬೇಯಿಸಿರುತ್ತಾರೆ. 30 ಡಿಗ್ರಿ ದಾಟಿದ ಜಾಗ ಲೇಟೆಕ್ಸ್‌ಗೆ ಆಗದು. ಕೊಬ್ಬರಿ ಎಣ್ಣೆ, ವ್ಯಾಸಲೀನ್ ಹಚ್ಚಿದರೆ ನಿಮಿಷಗಳಲ್ಲಿ ಬಲ ಕಳೆದುಕೊಳ್ಳುತ್ತದೆ, ಬೇಕಿದ್ದರೆ ನೀರಿನ ಜೆಲ್ ಮಾತ್ರ. ಎರಡು ಒಟ್ಟಿಗೆ ಹಾಕಿದರೆ ಉಜ್ಜಿ ಹರಿಯುತ್ತವೆ. ಅವಧಿ ದಿನಾಂಕ ನೋಡಿ, ಪೊಟ್ಟಣ ಒತ್ತಿ ಒಳಗೆ ಗಾಳಿಗುಳ್ಳೆ ಇದೆಯೇ ತಿಳಿಯಿರಿ, ಹಲ್ಲಿನಿಂದ ಕಚ್ಚದೆ ಅಂಚಿನಿಂದ ಹರಿಯಿರಿ. ತುದಿ ಹಿಂಡಿ ಗಾಳಿ ತೆಗೆದು ಬುಡದವರೆಗೆ ಇಳಿಸಿ. ಉಲ್ಟಾ ಇಟ್ಟು ಇಳಿಯದಿದ್ದರೆ ತಿರುಗಿಸಿ ಹಾಕಬೇಡಿ, ಅದಾಗಲೇ ತಾಗಿದೆ, ಎಸೆದು ಹೊಸದು ತೆಗೆಯಿರಿ. ಮುಗಿದ ಮೇಲೆ ಮೆತ್ತಗಾಗುವ ಮೊದಲೇ ಬುಡ ಹಿಡಿದು ಹೊರತೆಗೆಯಿರಿ.

ಈ ಸೇವೆಗೆ ಪೈಪೋಟಿ ಕೊಡುವವರು ಗೋಡೆ ಬರಹದ ‘ಗುಪ್ತರೋಗ ತಜ್ಞರು’. ತಿಂಗಳಿಗೊಮ್ಮೆ ಬಸ್ ಸ್ಟ್ಯಾಂಡ್ ಪಕ್ಕದ ಲಾಡ್ಜಿನಲ್ಲಿ ಕೂರುವವರು. ಇವರ ಬಂಡವಾಳ ‘ಧಾತು ನಷ್ಟ’ ಎಂಬ ಭಯ, ನಲವತ್ತು ಹನಿ ರಕ್ತ ಸೇರಿ ಒಂದು ಹನಿ ಧಾತು ಎಂಬ ಲೆಕ್ಕ. ಸೇನಾ ಭರ್ತಿಗೆ ಬೆಳಗಿನ ಜಾವ 1.6 ಕಿಲೋಮೀಟರ್ ಓಡಿ ಅಭ್ಯಾಸ ಮಾಡುವ ಹುಡುಗರು ಇವರ ಒಳ್ಳೆಯ ಗಿರಾಕಿಗಳು. ಓಟದಲ್ಲಿ ಹಿಂದೆ ಬಿದ್ದರೆ ಸ್ವಪ್ನಸ್ಖಲನದ ಮೇಲೆ ಹೊರಿಸುತ್ತಾರೆ. ಒಂದು ಸಲಕ್ಕೆ ಹೋಗುವ ವೀರ್ಯ ಅರ್ಧ ಚಮಚದಿಂದ ಒಂದು ಚಮಚದಷ್ಟು, ರಕ್ತದಿಂದ ಬಟ್ಟಿ ಇಳಿದದ್ದಲ್ಲ, ಕಾಲಿನ ಬಲಕ್ಕೆ ಸಂಬಂಧವೂ ಇಲ್ಲ. ಮೂತ್ರ ಒಮ್ಮೊಮ್ಮೆ ಮಬ್ಬಾಗಿ ಬಿಳಿಯಾಗುವುದು ಅದರಲ್ಲಿನ ಲವಣವಾದ ಫಾಸ್ಫೇಟ್‌ನಿಂದ. ಮಲವಿಸರ್ಜನೆಗೆ ತಿಣುಕಿದಾಗ ಬರುವ ಜಿಗುಟಾದ ತಿಳಿ ಹನಿ ಪ್ರಾಸ್ಟೇಟ್ ಗ್ರಂಥಿಯದ್ದು. ಇವೆರಡಕ್ಕೂ ಉರಿ ಇರುವುದಿಲ್ಲ, ಬಣ್ಣ ಹಳದಿಯಾಗಿ ಚಡ್ಡಿಗೆ ಕಲೆ ಕೂತರೆ ಅದು ಕೀವು. ಬೇರೆ ಬೇರೆ ಎಂದು ಹೇಳಿಕೊಡಲು ಲಾಡ್ಜಿನವನಿಗೆ ಲಾಭವಿಲ್ಲ. ಅವನು ಕೊಡುವ ಹೆಸರಿಲ್ಲದ ಪುಡಿಯಲ್ಲಿ ಸಿಲ್ಡೆನಾಫಿಲ್ ಎಂಬ ನಿಮಿರುವಿಕೆಯ ಔಷಧಿ ಬೆರೆತಿರುವ ಅಪಾಯವಿದೆ. ಎದೆನೋವಿನ ನೈಟ್ರೇಟ್ ಮಾತ್ರೆಯ ಜೊತೆ ಅದು ಪ್ರಾಣಕ್ಕೇ ಎರವು. ಇವರಿಗೆ ಸೊನ್ನೆ ಅಂಕ.

ಭರ್ತಿಯ ವೈದ್ಯರು ಬಟ್ಟೆ ಬಿಚ್ಚಿಸಿ ನೋಡುವುದು ವೆರಿಕೋಸಿಲ್ (ಬೀಜದ ಚೀಲದ ಊದಿದ ರಕ್ತನಾಳ), ಹೈಡ್ರೋಸಿಲ್ (ಆ ಚೀಲದಲ್ಲಿ ತುಂಬಿದ ನೀರು), ಕೆಳಗಿಳಿಯದ ಬೀಜ ಇಂಥವನ್ನು. ಇವಕ್ಕೆ ಹೋಗಬೇಕಾದ ಬಾಗಿಲು ಶಸ್ತ್ರಚಿಕಿತ್ಸಾ ವಿಭಾಗ, ಸುರಕ್ಷಾ ಕ್ಲಿನಿಕ್ ಅಲ್ಲ. ಹೋಗುವುದಾದರೆ ರ‍್ಯಾಲಿಗೆ ಆರು ತಿಂಗಳು ಮೊದಲೇ.

ತೊಡೆಸಂದಿನ ತುರಿಕೆ ಎಲ್ಲವೂ ಲೈಂಗಿಕ ರೋಗವಲ್ಲ. ಬೆವರು, ಒದ್ದೆ ಚಡ್ಡಿ, ಬಿಗಿ ಬೂಟು ಸೇರಿ ಬರುವ ಹುಳುಕಡ್ಡಿಯೇ ಹೆಚ್ಚು. ಕ್ಲೊಬೆಟಸಾಲ್ ಎಂಬ ಸ್ಟೀರಾಯ್ಡ್ ಬೆರೆತ ಕ್ರೀಮ್ ಹಚ್ಚಿದರೆ ಎರಡು ದಿನದಲ್ಲಿ ತುರಿಕೆ ನಿಂತು, ಬಿಟ್ಟ ವಾರಕ್ಕೆ ದುಪ್ಪಟ್ಟು ಹರಡುತ್ತದೆ. ಟ್ಯೂಬಿನ ಮೇಲೆ ಆ ಹೆಸರಿದ್ದರೆ ಬೇಡ. ಇಡೀ ಬ್ಯಾರಕ್ ರಾತ್ರಿ ಹೊತ್ತು ಕೆರೆದುಕೊಳ್ಳುತ್ತಿದ್ದರೆ ಅದು ಕಜ್ಜಿ.

ಸಂಗದಿಂದಲೂ ರಕ್ತದಿಂದಲೂ ಹರಡುವ ಯಕೃತ್ತಿನ ಸೋಂಕು ಹೆಪಟೈಟಿಸ್ ಬಿ. ಇದರ ಲಸಿಕೆ ಮಕ್ಕಳ ಕಾರ್ಯಕ್ರಮಕ್ಕೆ ದೇಶದಾದ್ಯಂತ ಬಂದದ್ದು 2011ರಲ್ಲಿ. ಈಗಿನ ಅಗ್ನಿವೀರರು ಅದಕ್ಕೆ ಮೊದಲು ಹುಟ್ಟಿದವರು, ಎಷ್ಟೋ ಜನಕ್ಕೆ ಬಿದ್ದಿಲ್ಲ. 0, 1, 6 ತಿಂಗಳಿಗೆ ಮೂರು ಡೋಸ್. ಜಾತ್ರೆಯಲ್ಲಿ ಒಂದೇ ಸೂಜಿಯಲ್ಲಿ ಹತ್ತು ಜನಕ್ಕೆ ಹಾಕುವ ಹಚ್ಚೆ, ಬ್ಯಾರಕ್ಕಿನಲ್ಲಿ ಹಂಚಿಕೊಳ್ಳುವ ರೇಜರ್, ಎರಡೂ ಇದರ ದಾರಿ. ಮೊದಲ ಡೋಸ್ ಊರಿನಲ್ಲಿ ಹಾಕಿಸಿ, ಕಾರ್ಡ್ ತೆಗೆದುಕೊಂಡು ಹೋದರೆ ಉಳಿದದ್ದನ್ನು ಘಟಕದ ವೈದ್ಯರು ನೋಡಿಕೊಳ್ಳಬಹುದು. ಪುಕ್ಕಟೆ ಪರೀಕ್ಷೆ ಆಗುತ್ತದೆಂದು ರಕ್ತದಾನ ಶಿಬಿರಕ್ಕೆ ಮಾತ್ರ ಹೋಗಬೇಡಿ. ಮೊದಲ ವಾರಗಳಲ್ಲಿ ಎಚ್‌ಐವಿ ಪರೀಕ್ಷೆಗೆ ಸಿಗದೆ ಇರಬಹುದು, ಆ ಬಾಟಲಿ ನೇರ ಯಾರದೋ ಹೆರಿಗೆ ವಾರ್ಡಿಗೆ ಹೋಗುತ್ತದೆ.

ಹೊರಡುವ ಮುನ್ನ ಕೇಂದ್ರ ತೆರೆದಿದೆಯೇ, ಹತ್ತಿರದ್ದು ಯಾವುದು ಎಂದು ಏಡ್ಸ್ ಸಹಾಯವಾಣಿ 1097ಕ್ಕೆ ಕರೆ ಮಾಡಿ ಕೇಳಬಹುದು, ಕರೆ ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ. ಆಧಾರ್ ಜೆರಾಕ್ಸ್ ಬೇಕಿಲ್ಲ, ಸರ್ವಿಸ್ ಗುರುತಿನ ಚೀಟಿ ಮನೆಯಲ್ಲೇ ಇರಲಿ. ಒಂದು ನೀರಿನ ಬಾಟಲಿ, ಹಳೆಯ ವರದಿಗಳಿದ್ದರೆ ಅವು, ಕಾಯುವಾಗ ಕಿವಿಗೆ ಹಾಕಿಕೊಳ್ಳಲು ಇಯರ್‌ಫೋನ್. ಪಕ್ಕದ ಮನೆಯ ಅಜ್ಜಿ ಸಿಕ್ಕರೆ ‘ಬೂಟಿನ ಅಲರ್ಜಿ ಅಜ್ಜಿ’ ಎಂದರೆ ಮುಗಿಯಿತು.